ಗದ್ದೆಯ ದಾರಿಯಲ್ಲಿ ಸಿಕ್ಕಿದ ಅಜ್ಜಿಯಂದಿರು

ಕಾಸರಗೋಡಿನ ಬದಿಯಡ್ಕದ ಹತ್ತಿರ ಇರುವ ನಮ್ಮ ತರವಾಡಿನ (ಕೂಡುಕುಟುಂಬದ) ದೈವಸ್ಥಾನ ಜೀರ್ಣೋದ್ಧಾರ ಆಗುವ ಹೊತ್ತಿಗೆ, ಆಮಂತ್ರಣದ ಹಿಂದಿನ ಪುಟದಲ್ಲಿ ವಂಶವೃಕ್ಷ ಹಾಕಬೇಕು ಎಂದು ದೊಡ್ಡ ಮಾವ ಹೊರಟರು. ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಐದು ಗಂಡಸರ ಹೆಸರು, ಒಂದರ ಕೆಳಗೆ ಒಂದು, ನಡುವೆ ಗೆರೆ. "ಇದನ್ನು ಸ್ವಲ್ಪ ಚೆಂದ ಮಾಡಿ ಟೈಪ್ ಮಾಡು" ಅಂದರು, ಅಷ್ಟೇ. ಆ ಹಾಳೆ ತಪ್ಪು ಎಂದು ಗೊತ್ತಾಗಲು ನನಗೆ ಎಂಟು ತಿಂಗಳು ಬೇಕಾಯಿತು. ಸರಿಯಾದದ್ದನ್ನು ಬರೆಯುವಾಗ ಮೂರು ವರ್ಷ ಕಳೆದಿತ್ತು.

ಶುರು ಮಾಡಿದ್ದು ಹೆಸರು ಹಿಡಿದು. ಎಲ್ಲರೂ ಹಾಗೆಯೇ ಶುರು ಮಾಡುತ್ತಾರೆ ಅನಿಸುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಸರಿನ ಸೂಚಿ ಒಂದು, ಆಸ್ತಿಯ ಸೂಚಿ ಇನ್ನೊಂದು, ಹೀಗೆ ಎರಡಿರುತ್ತವೆ. ಸ್ಥಿರಾಸ್ತಿಯ ದಸ್ತಾವೇಜುಗಳ ನಕಲು ಇರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮರಣಶಾಸನಗಳ ಮೂರನೇ ಪುಸ್ತಕ ಹಾಗೆ ಕೈಗೆ ಸಿಗುವುದಿಲ್ಲ. ನಾನು ಹೆಸರಿನ ಸೂಚಿಯಲ್ಲಿ ಮುತ್ತಜ್ಜನನ್ನು ಹುಡುಕಿದೆ. ಅದೇ ಹೆಸರಿನವರು ಒಂದೇ ಗ್ರಾಮದಲ್ಲಿ ಏಳು ಜನ ಸಿಕ್ಕಿದರು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರೆ, ಸಾಲದ್ದಕ್ಕೆ ಪಕ್ಕದ ಮನೆಯವರೂ ಅದನ್ನೇ ಇಡುತ್ತಾರೆ. ಒಂದು ವಾರ ಕೂತು ಬೇರೆ ಯಾರದೋ ಸಾಲದ ಕಥೆಯನ್ನೆಲ್ಲ ಬರೆದುಕೊಂಡು ಬಂದೆ.

ಆಮೇಲೆ ಬುದ್ಧಿ ಬಂತು. ಈ ಕಡತಗಳನ್ನು ಬರೆದವರಿಗೆ ಮನುಷ್ಯರು ಬೇಕಿರಲಿಲ್ಲ, ಬೇಕಾದದ್ದು ತೀರ್ವೆ, ಅಂದರೆ ಭೂಕಂದಾಯ. ಮನುಷ್ಯ ಸಾಯುತ್ತಾನೆ, ಊರು ಬಿಡುತ್ತಾನೆ, ಹೆಸರು ಬದಲಿಸುತ್ತಾನೆ. ಗದ್ದೆ ಇದ್ದಲ್ಲೇ ಇರುತ್ತದೆ. ಮನೆಯಲ್ಲಿದ್ದ ತೀರ್ವೆ ರಸೀದಿಯ ಸರ್ವೆ ನಂಬರು ಹಿಡಿದುಕೊಂಡು ವಿಲೇಜ್ ಆಫೀಸಿಗೆ ಹೋದೆ. ಅಲ್ಲಿಂದ ತಾಲೂಕು ಕಚೇರಿಯ ಸರ್ವೆ ವಿಭಾಗಕ್ಕೆ. ಮರು ಸರ್ವೆಯಲ್ಲಿ ನಂಬರು ಬದಲಾಗಿತ್ತು. ಹಳೆಯ ನಂಬರಿಗೂ ಹೊಸದಕ್ಕೂ ತಾಳೆ ಹಾಕುವ ಪಟ್ಟಿ ಸಿಗುವವರೆಗೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಒಂದು ಆಫೀಸಿನಲ್ಲಿ ನಾಲ್ಕು ಸಲ "ನಾಳೆ ಬನ್ನಿ" ಆಯಿತು. ಐದನೇ ಸಲ ಅಲ್ಲಿದ್ದವರೇ ಒಂದು ಹಳೆಯ ರಿಜಿಸ್ಟರು ತಂದು ನನ್ನ ಮುಂದೆ ಇಟ್ಟು, "ಚೇಚಿ, ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳುತ್ತೀರಾ?" ಎಂದು ಮಲಯಾಳದಲ್ಲಿ ಕೇಳಿದರು. ಅದು ಕನ್ನಡ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದೆವಲ್ಲ, ಮಂಗಳೂರೇ ನಮ್ಮ ಜಿಲ್ಲಾ ಕೇಂದ್ರ. ಹಳೆಯ ದಸ್ತಾವೇಜುಗಳು ಕನ್ನಡದಲ್ಲಿವೆ, ಕಪಾಟಿನ ಬೀಗದ ಕೈ ಕನ್ನಡ ಬಾರದವರ ಹತ್ತಿರ ಇದೆ. ಅವತ್ತಿನಿಂದ ನನಗೆ ಆ ಆಫೀಸಿನಲ್ಲಿ ಕುರ್ಚಿ ಸಿಕ್ಕಿತು. ನಾನು ಅವರಿಗೆ ಓದಿ ಹೇಳುವುದು, ಅವರು ನನಗೆ ಹುಡುಕಿ ಕೊಡುವುದು.

ಓದುವುದೂ ಅಷ್ಟು ಸಲೀಸಲ್ಲ. ತಲೆಕಟ್ಟು ಬಿಟ್ಟು, ಪದಗಳ ನಡುವೆ ಜಾಗ ಬಿಡದೆ ಓಡಿಸಿದ ಮೋಡಿ ಅಕ್ಷರ. ಮೊದಲ ತಿಂಗಳು ನನಗೆ ಓದಲು ಬಂದದ್ದು ದಿಕ್ಕುಗಳು ಮಾತ್ರ. ಚಕ್ಕುಬಂದಿ, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿ, ಪ್ರತಿ ಪತ್ರದಲ್ಲೂ ಒಂದೇ ಜಾಡಿನಲ್ಲಿ ಬರುತ್ತದೆ: ಮೂಡಿಗೆ ತೋಡು, ತೆಂಕಿಗೆ ಕಟ್ಟಪುಣಿ, ಪಡುವಿಗೆ ಸರಕಾರಿ ಪುಂಜ, ಬಡಗಿಗೆ ನಾಗಬನದ ಗದ್ದೆ. ಗೊತ್ತಿರುವ ಪದದಿಂದ ಅಕ್ಷರ ಕಲಿತು, ಆ ಅಕ್ಷರದಿಂದ ಗೊತ್ತಿಲ್ಲದ ಪದ ಬಿಡಿಸಿದೆ. ಸರ್ವೆಗಿಂತ ಮೊದಲಿನ ಪತ್ರಗಳಲ್ಲಿ ಸರ್ವೆ ನಂಬರೇ ಇಲ್ಲ. ವರ್ಗದ (ಹಿಡುವಳಿಯ) ನಂಬರು, ಗದ್ದೆಯ ಹೆಸರು ಅಷ್ಟೇ. ಅಲ್ಲಿ ನನ್ನ ಕೈ ಹಿಡಿದದ್ದು 'ಬಾಕಿಮಾರು'. ಮನೆಯ ಎದುರಿನ ದೊಡ್ಡ ಗದ್ದೆಯನ್ನು ಅಮ್ಮ ಈಗಲೂ ಹಾಗೆಯೇ ಕರೆಯುತ್ತಾರೆ, ಅಲ್ಲಿ ಈಗ ಅಡಿಕೆ ಇದ್ದರೂ. 1956ರ ನಂತರದ ಮಲಯಾಳ ಪತ್ರಗಳಲ್ಲಿ ನಮ್ಮ ಬೆಟ್ಟು 'ಬೆಟ್ಟ್' ಆಗಿದೆ, ಕುಂಬಳೆ 'ಕುಂಬಳ', ಮಂಜೇಶ್ವರ 'ಮಂಜೇಶ್ವರಂ'. ಆಸ್ತಿಯ ಸೂಚಿ ನೋಡುವಾಗ ಎರಡೂ ರೂಪ ಹುಡುಕಬೇಕು.

ಗದ್ದೆ ಹಿಡಿದು ಹೋದಾಗ ಐದೂ ಗಂಡಸರು ಸಾಲಾಗಿ ಸಿಕ್ಕಿದರು. ಒಬ್ಬರ ನಂತರ ಒಬ್ಬರ ಹೆಸರಿಗೆ ಪಟ್ಟೆ (ಜಾಗದ ಹಕ್ಕುಪತ್ರ). ಮಾವನ ಹಾಳೆ ಸರಿ ಎಂದೇ ನಾನೂ ಅಂದುಕೊಂಡೆ. ಒಂದು ಅಡವು ಪತ್ರ ನೋಡುವವರೆಗೆ. ಸಾಲ ಕೊಡುವವನು ಯಜಮಾನನೊಬ್ಬನ ರುಜು ನಂಬುವುದಿಲ್ಲ, ನಾಳೆ ಕುಟುಂಬದವರು ತಕರಾರು ತೆಗೆದರೆ? ಅದಕ್ಕೆ ಪ್ರಾಯಕ್ಕೆ ಬಂದವರೆಲ್ಲರನ್ನೂ ಕೂರಿಸಿ ಬರೆಸಿಕೊಂಡಿದ್ದಾನೆ. ಯಜಮಾನರು, ಅವರ ತಂಗಿ, ತಂಗಿಯ ಮಕ್ಕಳು. ಮಾವನ ಹಾಳೆಯಲ್ಲಿ 'ಮಗ' ಆಗಿದ್ದವರು ಇಲ್ಲಿ 'ಅಳಿಯ', ಅಂದರೆ ಸೋದರಿಯ ಮಗ. ನನಗೆ ನಗು ಬಂತು, ನಾಚಿಕೆಯೂ ಆಯಿತು. ನಾವು ಅಳಿಯಸಂತಾನದವರು! ಮಾವನಿಂದ ಅಳಿಯನಿಗೆ ಯಜಮಾನಿಕೆ ಹೋಗುವ ಮನೆಯಲ್ಲಿ ಹುಟ್ಟಿ, ಗೆರೆ ಎಳೆಯುವಾಗ ಅಪ್ಪ-ಮಗ ಎಂದು ಎಳೆದಿದ್ದೆವು. ಆ ಐವರ ನಡುವಿನ ಪ್ರತಿ ಗೆರೆಯ ಹಿಂದೆಯೂ ಒಬ್ಬಳು ಹೆಂಗಸು ಇದ್ದಾಳೆ, ಹಾಳೆಯಲ್ಲಿ ಒಬ್ಬಳ ಹೆಸರೂ ಇಲ್ಲ.

ಹೆಂಗಸರ ಹೆಸರು ಸಿಕ್ಕಿದ್ದು ಜಗಳದಲ್ಲಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು, ಅದೂ ಕವರುಗಳ ಲೆಕ್ಕದಲ್ಲಿ. ಕವರು ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಸಾಲಿನಲ್ಲಿ ಮುಂದೆ ಬಂದವರು. ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ನಮ್ಮ ಕುಟುಂಬದಲ್ಲಿ ಪಾಲಿನ ದಾವೆ ಬಿದ್ದಿತ್ತು. ಅದರ ವಾದಪತ್ರದ ನಕಲು ಚಿಕ್ಕಮ್ಮನ ಮನೆಯ ಅಟ್ಟದಲ್ಲಿ, ಹಳೆಯ ಪಂಚಾಂಗಗಳ ಕಟ್ಟಿನ ನಡುವೆ ಇತ್ತು. ಕೊನೆಯ ಹಾಳೆಯಲ್ಲಿ ವಕೀಲರು ಬರೆಸಿದ ಸಂತಾನ ಪಟ್ಟಿ. ಮೇಲೆ ಒಬ್ಬಳು ಹೆಂಗಸು, ಅವಳ ಕೆಳಗೆ ಮೂವರು ಹೆಣ್ಣುಮಕ್ಕಳು, ನಾಲ್ಕು ತಲೆಮಾರು, ಸತ್ತ ಮಕ್ಕಳ ಸಮೇತ. ಪಾಲು ಸಿಗಬೇಕಾದರೆ ಯಾರನ್ನೂ ಬಿಡುವ ಹಾಗಿಲ್ಲ ತಾನೆ. ನಮ್ಮವರು ಒಳ್ಳೆಯವರಾಗಿ, ಹೊಂದಿಕೊಂಡು ಇದ್ದಿದ್ದರೆ ನನಗೆ ಈ ಹಾಳೆ ಸಿಗುತ್ತಿರಲಿಲ್ಲ.

ಕಾಲದ ಲೆಕ್ಕದಲ್ಲಿ ಒಮ್ಮೆ ಎಡವಿದೆ. ಮನೆಯ ಗೇಣಿ ಲೆಕ್ಕದ ಪುಸ್ತಕದಲ್ಲಿ 'ತಾರಣ ಸಂವತ್ಸರದ ಸುಗ್ಗಿಗೆ ಮುಡಿ 40' ಎಂದಿತ್ತು. ಮುಡಿ ಅಂದರೆ 42 ಸೇರು ಎಂದು ಲೆಕ್ಕ ಹಾಕಿ ಖುಷಿಪಟ್ಟೆನೇ ಹೊರತು, ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಎನ್ನುವುದನ್ನು ಮರೆತೆ. ತಾರಣ 1944ರಲ್ಲೂ ಬಂದಿದೆ, 1884ರಲ್ಲೂ ಬಂದಿದೆ. ಶಕವರ್ಷ ಬರೆದಿದ್ದರೆ 78 ಕೂಡಿಸಿ ಮುಗಿಸಬಹುದಿತ್ತು. ಆ ಲೆಕ್ಕಕ್ಕೆ ರುಜು ಹಾಕಿದ ಯಜಮಾನರು 1931ರ ಪತ್ರದಲ್ಲಿ ಆಗಲೇ 'ಮೃತ'ರು. ಹಾಗಾಗಿ 1884.

ಉಳಿದದ್ದು ಮೂಲದ ಮನೆ. ಹಳೆಯ ಗ್ರಾಮ ನಕ್ಷೆ ಮೈಲಿಗೆ 16 ಇಂಚಿನದು, ಗದ್ದೆಯ ಗಡಿಗಳೆಲ್ಲ ಕಾಣುತ್ತವೆ. ಆ ಮನೆಯಿದ್ದ ಸರ್ವೆ ನಂಬರಿನ ಮೂಲೆಯಲ್ಲಿ ಬಾವಿಯ ಗುರುತು ಇತ್ತು. ಜಾಗ ಈಗ ನಮ್ಮದಲ್ಲ. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾದಾಗ ಉಳುತ್ತಿದ್ದವರಿಗೆ ಹೋಯಿತು. ಅವರ ಮನೆಗೆ ಹೋಗಲು ನನಗೆ ಮುಜುಗರ, ನನ್ನನ್ನು ಕಂಡು ಅವರಿಗೆ ಅನುಮಾನ. ನಕ್ಷೆ ಹಿಡಿದುಕೊಂಡು ಬಂದ ಹಳೆಯ ಧಣಿಗಳ ಮನೆಯವಳನ್ನು ಯಾರು ನಂಬುತ್ತಾರೆ? ಆ ಮನೆಯ ಅಜ್ಜಿ ಚಾ ಕೊಟ್ಟರು. ಅರ್ಧ ಗಂಟೆ ಊರ ಸುದ್ದಿ ಮಾತಾಡಿ, ಒಳಗಿನಿಂದ ಒಂದು ತಗಡಿನ ಪೆಟ್ಟಿಗೆ ತಂದರು. ಗೇಣಿ ರಸೀದಿಗಳು, ವರ್ಷವಾರು, ದಾರದಲ್ಲಿ ಪೋಣಿಸಿದ್ದು. ನಮ್ಮ ಮನೆಯಲ್ಲಿ ಗೆದ್ದಲು ತಿಂದು ಹೋದದ್ದು ಅಲ್ಲಿ ಜೋಪಾನವಾಗಿತ್ತು. ರಸೀದಿ ಇಲ್ಲದೆ ಜಾಗ ಉಳಿಯುತ್ತಿರಲಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಕೆಲವು ರಸೀದಿಗಳಲ್ಲಿ ಯಜಮಾನರ ಬದಲು ಅವರ ಅಕ್ಕನ ಹೆಸರಿದೆ. ಗೇಣಿ ವಸೂಲಿ ಅವಳೇ ಮಾಡುತ್ತಿದ್ದಳು!

ಬಾವಿ ಹುಡುಕುವಾಗ ಇನ್ನೊಂದು ಪೆಟ್ಟು ತಿಂದೆ. ಸರ್ವೆ ಕಲ್ಲಿನಿಂದ 340 ಎಂದು ಅಳತೆಯ ನಕ್ಷೆಯಲ್ಲಿತ್ತು. ಟೇಪು ಹಿಡಿದು 340 ಅಡಿ ಅಳೆದು, ಮುಳ್ಳು ಸವರಿ, ಏನೂ ಕಾಣದೆ ಕೂತೆ. ಅದು ಅಡಿ ಅಲ್ಲ, ಲಿಂಕು. 66 ಅಡಿಯ ಸರಪಳಿಗೆ 100 ಲಿಂಕು, ಅಂದರೆ 340ಕ್ಕೆ 224 ಅಡಿ ಮಾತ್ರ. ಹಿಂದೆ ಬಂದು ನೋಡಿದರೆ ಕೆಂಪುಕಲ್ಲಿನ ಕಟ್ಟೆ, ಒಳಗೆ ಅರ್ಧಕ್ಕೆ ಮಣ್ಣು ತುಂಬಿದ ಬಾವಿ. ಆ ಅಜ್ಜಿಯ ಮೊಮ್ಮಗ ಅದರ ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದ.

ಆಮಂತ್ರಣ ವಂಶವೃಕ್ಷ ಇಲ್ಲದೆಯೇ ಅಚ್ಚಾಗಿ ಹೋಗಿತ್ತು, ಬ್ರಹ್ಮಕಲಶವೂ ಮುಗಿದಿತ್ತು. ಹೊಸ ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಬರೆದು ಮಾವನ ಮುಂದೆ ಹರವಿದೆ. ಮೇಲೆ ಒಬ್ಬಳು, ಕೆಳಗೆ ಅವಳ ಹೆಣ್ಣುಮಕ್ಕಳು, ಕೆಳಗೆ ಕೆಳಗೆ ಬಂದು ಅಮ್ಮ, ನಾನು, ನನ್ನ ಮಕ್ಕಳು. ಮಾವ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಅಲ್ಲಿಂದ ಕೆಳಗೆ ಗೆರೆ ಇಲ್ಲ.

"ನಿನ್ನ ಮಕ್ಕಳಿದ್ದಾರೆ. ನನ್ನವು ಎಲ್ಲಿ?"

"ಅವರು ಅತ್ತೆಯ ತರವಾಡಿನ ಪಟ್ಟಿಯಲ್ಲಿ ಬರುತ್ತಾರೆ ಮಾವ."

"ಅದನ್ನು ಬರೆದವರು ಯಾರು?"

ಯಾರೂ ಬರೆದಿಲ್ಲ. ಮರುದಿನ ಬೆಳಿಗ್ಗೆ ಫೋನಿಗೆ ಒಂದು ಚಿತ್ರ ಬಂತು, ಸ್ವಲ್ಪ ಓರೆಯಾಗಿ ತೆಗೆದದ್ದು: ಅತ್ತೆಯ ತರವಾಡಿನ ತೀರ್ವೆ ರಸೀದಿ.