ಸಂಧಿ ಬಿಡಿಸಿದ ಹಾಗೆ ಬಿಡಿಸಿದೆ: ರಕ್ತನಾಳದ ಪದಗಳ ಜೊತೆ ನನ್ನ ಅನುಭವ

ಎಕ್ಸ್‌ಟ್ರಾವಸೇಶನ್ ಅನ್ನುವ ಪದವನ್ನು ನಾನು ಮೊದಲು ನೋಡಿದ್ದು ಒಂದು ಚಾರ್ಟಿನಲ್ಲಿ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾದ ಮೂರನೇ ವರ್ಷ, ಐಸಿಯು ಪೋಸ್ಟಿಂಗ್, ನೈಟ್ ಡ್ಯೂಟಿ. ಬಿಪಿ ಬಿದ್ದುಹೋಗಿದ್ದ ಒಬ್ಬ ಅಜ್ಜನಿಗೆ ಕೈಯಲ್ಲಿದ್ದ ಕ್ಯಾನುಲಾದಿಂದಲೇ, ಅಂದ್ರೆ ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ಕೊಳವೆಯಿಂದಲೇ, ನಾರ್‌ಅಡ್ರಿನಲಿನ್ ಅನ್ನುವ ಔಷಧಿ ಹೋಗುತ್ತಿತ್ತು. ಎಕ್ಸ್‌ಟ್ರಾವಸೇಶನ್ ಆಗದ ಹಾಗೆ ನೋಡಿಕೊಳ್ಳಿ ಅಂತ ಚಾರ್ಟಿನ ಕೊನೆಗೆ ಇಂಗ್ಲಿಷಿನಲ್ಲಿ ಬರೆದಿತ್ತು. ಏನು ನೋಡಬೇಕು ಅಂತ ನನಗೆ ಗೊತ್ತಿರಲಿಲ್ಲ, ಕೇಳೋಕೆ ಸಂಕೋಚ. ಹದಿನೈದು ನಿಮಿಷಕ್ಕೊಮ್ಮೆ ಬಿಪಿ ಬರೆದೆ, ಪಂಪ್ ನೋಡಿದೆ, ಯೂರಿನ್ ಅಳೆದೆ. ಕೈ ಮಾತ್ರ ನೋಡಲಿಲ್ಲ. ರೌಂಡಿಗೆ ಬಂದ ಸೀನಿಯರ್ ಸಿಸ್ಟರ್ ಹೊದಿಕೆ ಸರಿಸಿದರು. ಕ್ಯಾನುಲಾದ ಸುತ್ತ ಅಂಗೈಯಗಲ ಚರ್ಮ ಬಾತುಕೊಂಡು ಬಿಳಿಚಿಕೊಂಡಿತ್ತು, ಮುಟ್ಟಿದರೆ ತಣ್ಣಗೆ. ತಕ್ಷಣ ಡಾಕ್ಟರನ್ನು ಕರೆಸಿ ಔಷಧಿಯನ್ನು ಬೇರೆ ಲೈನಿಗೆ ಬದಲಾಯಿಸಿದರು. ಬೇಗ ಕಣ್ಣಿಗೆ ಬಿದ್ದಿದ್ದರಿಂದ ಚರ್ಮ ಉಳಿಯಿತು.

ಬೆಳಿಗ್ಗೆ ಟೀ ಕುಡಿಯುವಾಗ ಅವರು ಬೈಯಲಿಲ್ಲ. ಒಂದು ಚೀಟಿಯ ಮೇಲೆ ಆ ಪದವನ್ನು ಮೂರು ತುಂಡು ಮಾಡಿ ಬರೆದರು: ಎಕ್ಸ್‌ಟ್ರಾ, ವಾಸ್, ಏಶನ್. "ಎಕ್ಸ್‌ಟ್ರಾ ಅಂದ್ರೆ ಹೊರಗೆ. ವಾಸ್ ಅಂದ್ರೆ ಪಾತ್ರೆ, ಲ್ಯಾಟಿನ್ನು. ಏಶನ್ ಅಂದ್ರೆ ಆಗೋದು. ಪಾತ್ರೆಯಿಂದ ಹೊರಗೆ ಚೆಲ್ಲೋದು, ಅಷ್ಟೇ ನೋಡವ್ವಾ." ಅದರ ಕೆಳಗೇ ವಾಸೋಪ್ರೆಸರ್ ಅಂತ ಬರೆದರು. ಪಾತ್ರೆಯನ್ನು ಒತ್ತಿ ಕಿರಿದು ಮಾಡುವ ಔಷಧಿ. ನಾರ್‌ಅಡ್ರಿನಲಿನ್ ಆ ಜಾತಿಯದ್ದು. ಪಾತ್ರೆಯೊಳಗೇ ಇದ್ದರೆ ಬಿಪಿ ಏರಿಸುತ್ತದೆ, ಹೊರಗೆ ಚೆಲ್ಲಿದರೆ ಅಲ್ಲಿನ ಸಣ್ಣ ನಾಳಗಳನ್ನೆಲ್ಲ ಹಿಂಡಿ ಆ ಜಾಗಕ್ಕೆ ರಕ್ತವೇ ಹೋಗದ ಹಾಗೆ ಮಾಡುತ್ತದೆ. ಬಿಳಿಚಿಕೊಂಡ ಚರ್ಮ, ತಣ್ಣನೆಯ ಕೈ, ಎರಡಕ್ಕೂ ಉತ್ತರ ಆ ಎರಡು ಪದಗಳಲ್ಲೇ ಇತ್ತು.

ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಹಾವೇರಿ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ನರ್ಸಿಂಗ್ ಪದಗಳು ಬಾರದಿದ್ದರೆ ನನ್ನ ಇಂಗ್ಲಿಷ್ ಸರಿಯಿಲ್ಲ ಅಂದುಕೊಳ್ಳುತ್ತಿದ್ದೆ. ಆದರೆ ಅವು ಇಂಗ್ಲಿಷ್ ಪದಗಳೇ ಅಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನನ್ನ ರೂಮ್‌ಮೇಟಿಗೂ ವಾಸ್ ಅಂದ್ರೆ ಏನು ಅಂತ ಗೊತ್ತಿರಲಿಲ್ಲ, ಅವಳು ಸುಮ್ನೆ ಉರು ಹೊಡೆಯುತ್ತಿದ್ದಳು. ಈ ವಿಷಯದಲ್ಲಿ ಅವಳೂ ನಾನೂ ಒಂದೇ ಕಡೆಯಿಂದ ಹೊರಟವರು. ಇನ್ನೂ ಒಂದು ಮಾತು ಹೇಳುತ್ತೇನೆ, ಇದನ್ನು ನಾನು ಪೂರ್ತಿ ನಂಬಿದ್ದೇನೆ: ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಸರಿಯಾಗಿ ಕಲಿತವರಿಗೆ ಈ ಪದಗಳು ಬೇಗ ಒಲಿಯುತ್ತವೆ.

ಯಾಕೆ ಅಂದ್ರೆ, ನಾವು ಸಂಧಿ ಬಿಡಿಸಿದವರು. ಮನೆ ಜೊತೆ ಅನ್ನು ಸೇರಿದರೆ ಮಧ್ಯೆ ಒಂದು ಯಕಾರ ಬಂದು ಮನೆಯನ್ನು ಆಗುತ್ತದೆ, ಅಲ್ವಾ? ಉಚ್ಚಾರಣೆ ಸಲೀಸಾಗಲಿ ಅಂತ. ವಾಸ್ ಜೊತೆ ಕನ್‌ಸ್ಟ್ರಿಕ್ಷನ್ ಸೇರಿದಾಗಲೂ ಹಾಗೇ ಮಧ್ಯೆ ಒಂದು ಒಕಾರ ಬಂದು ವಾಸೋಕನ್‌ಸ್ಟ್ರಿಕ್ಷನ್ ಆಗುತ್ತದೆ, ನಾಳ ಬಿಗಿಯುವುದು. ಮುಂದಿನ ತುಂಡು ಸ್ವರದಿಂದ ಶುರುವಾದರೆ ಸಾಮಾನ್ಯವಾಗಿ ಆ ಒಕಾರ ಬರುವುದಿಲ್ಲ. ವಾಸೊ ಜೊತೆ ಎಕ್ಟಮಿ, ಅಂದ್ರೆ ಕತ್ತರಿಸಿ ತೆಗೆಯುವುದು, ಸೇರಿದರೆ ವಾಸೋಎಕ್ಟಮಿ ಅನ್ನುವುದಿಲ್ಲ, ವಾಸೆಕ್ಟಮಿ ಅನ್ನುತ್ತಾರೆ. ಊರು ಅಲ್ಲಿ ಸೇರಿ ಊರಲ್ಲಿ ಆದ ಹಾಗೆ, ನಮ್ಮ ಲೋಪಸಂಧಿಯೇ. ಇದು ಹೊಳೆದ ದಿನ ಹಾಸ್ಟೆಲಿನಲ್ಲಿ ಒಬ್ಬಳೇ ಕೂತು ರಾತ್ರಿ ಹನ್ನೆರಡರವರೆಗೆ ಪದ ಬಿಡಿಸಿದ್ದೆ.

ಇನ್ನೂರು ಪೇಜಿನ ಒಂದು ನೋಟ್‌ಬುಕ್ ಇಟ್ಟೆ. ಪೂರ್ತಿ ಪದ ಬರೆಯುವುದಿಲ್ಲ, ತುಂಡು ಮಾತ್ರ ಅಂತ ನಿಯಮ ಮಾಡಿಕೊಂಡೆ. ಒಂದು ತುಂಡಿಗೆ ಒಂದು ಪೇಜು. ವಾರ್ಡಿನಲ್ಲಿ ಆ ತುಂಡು ಇರುವ ಪದ ಕಂಡಾಗೆಲ್ಲ ಅದೇ ಪೇಜಿಗೆ ಸೇರಿಸುವುದು. ವಾಸ್ ಪೇಜಿನಲ್ಲಿ ವಾಸ್ಕುಲರ್ ಬಂತು, ಅದರ ಮೂಲ ವಾಸ್ಕುಲಮ್, ಅಂದ್ರೆ ಪುಟ್ಟ ಪಾತ್ರೆ. ವೇನಾ ಪೇಜಿನಲ್ಲಿ ಇಂಟ್ರಾವೀನಸ್, ಅಂದ್ರೆ ವೇನಿನ ಒಳಗೆ. ಹೃದಯದ ಕಡೆಗೆ ರಕ್ತ ಒಯ್ಯುವ ನಾಳವೇ ವೇನ್. ವೆನ್ಯೂಲ್, ಅದು ಮರಿ ವೇನ್. ವೇನಾ ಕೇವಾ, ಕೇವಾ ಅಂದ್ರೆ ಟೊಳ್ಳು. ಕೊನೆಗೆ ಬರುವ ಯೂಲ್, ಓಲ್ ಎರಡೂ ಚಿಕ್ಕದು ಅಂತ ಹೇಳುತ್ತವೆ, ನಾನು ಎರಡರ ಪಕ್ಕದಲ್ಲೂ 'ಮರಿ' ಅಂತ ಬರೆದಿದ್ದೇನೆ.

ಸ್ವಲ್ಪ ದಿನಕ್ಕೆ ಒಂದು ತೊಡಕು ಬಂತು. ಒಂದೇ ವಸ್ತುವಿಗೆ ಎರಡೆರಡು ತುಂಡು. ವೇನಿಗೆ ವೇನಾನೂ ಇದೆ, ಫ್ಲೆಬ್ ಅಂತಲೂ ಇದೆ. ಪಾತ್ರೆಗೆ ವಾಸ್ ಇದೆ, ಆಂಜಿಯೊ ಅಂತಲೂ ಇದೆ. ಮೊದಲನೆಯದು ಲ್ಯಾಟಿನ್, ಎರಡನೆಯದು ಗ್ರೀಕ್. ನಮ್ಮಲ್ಲಿ ನೀರು, ಜಲ ಎರಡೂ ಇಲ್ಲವೇ, ಹಾಗೆ. ಕುಡಿಯೋಕೆ ನೀರು ಕೇಳುತ್ತೇವೆ, ಇಲಾಖೆಗೆ ಜಲ ಅನ್ನುತ್ತೇವೆ. ಅದೇ ರೀತಿ ಡ್ರಿಪ್ಪಿಗೆ ಇಂಟ್ರಾವೀನಸ್, ವೇನ್ ಉರಿಯೂತಕ್ಕೆ ಫ್ಲೆಬೈಟಿಸ್. ಎರಡು ಭಾಷೆ ಬೆರೆತ ಪದಗಳೂ ಬೇಕಾದಷ್ಟಿವೆ. ಕಾರ್ಡಿಯೋವಾಸ್ಕುಲರ್‌ನಲ್ಲಿ ಕಾರ್ಡಿಯಾ, ಅಂದ್ರೆ ಹೃದಯ, ಗ್ರೀಕ್, ವಾಸ್ಕುಲರ್ ಲ್ಯಾಟಿನ್. ವಾಸೆಕ್ಟಮಿಯೂ ಹಾಗೇ. ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದರೆ ಅರಿಸಮಾಸ ಅಂತ ನಮ್ಮ ಕನ್ನಡ ಮೇಷ್ಟ್ರು ಮಾರ್ಕ್ಸ್ ಕಡಿಮೆ ಮಾಡುತ್ತಿದ್ದರು. ಆ ಪದಗಳಿಗೆಲ್ಲ ನಾನು ಪೆನ್ಸಿಲಿನಲ್ಲಿ 'ಅರಿ' ಅಂತ ಗುರುತು ಹಾಕಿದೆ.

ನನಗೆ ತುಂಬಾ ಇಷ್ಟವಾದದ್ದು ಚಿತ್ರ ಬಚ್ಚಿಟ್ಟುಕೊಂಡ ಪದಗಳು. ಒಳಗೆ ಮೂರು ದಾರಿ ಇರುವ ಕೊಳವೆಗೆ ಟ್ರಿಪಲ್ ಲ್ಯೂಮೆನ್ ಲೈನ್ ಅಂತ ದಿನಾ ಹೇಳುತ್ತೇವೆ. ಲ್ಯೂಮೆನ್ ಅಂದ್ರೆ ಬೆಳಕು. ಕೊಳವೆಯೊಂದನ್ನು ಕಿಟಕಿ ಕಡೆ ಹಿಡಿದು ಒಂದು ತುದಿಯಿಂದ ನೋಡಿ, ಬೆಳಕು ಕಾಣುವ ಆ ಗುಂಡನೆ ಜಾಗವೇ ಲ್ಯೂಮೆನ್. ಕ್ಯಾನುಲಾ ಅಂದ್ರೆ ಪುಟ್ಟ ಜೊಂಡು, ಕೆರೆ ಅಂಚಿನಲ್ಲಿ ಬೆಳೆಯುವ ಜೊಂಡು ಇದೆಯಲ್ಲ ಅದೇ. ಕುತ್ತಿಗೆಯ ಜುಗುಲರ್ ವೇನ್ ಬಂದಿದ್ದು ಜುಗುಲುಮ್‌ನಿಂದ, ಅದು ಗಂಟಲು, ಅದಕ್ಕೂ ಹಿಂದಿನ ಪದ ಜುಗುಮ್, ಅಂದ್ರೆ ನೊಗ. ನಾನು ರೈತರ ಮನೆಯ ಹುಡುಗಿ, ನೊಗ ಎತ್ತಿನ ಕೊರಳ ಮೇಲೆ ಎಲ್ಲಿ ಕೂರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಂದಿನಿಂದ ಜುಗುಲರ್ ಎಲ್ಲಿದೆ ಅಂತ ನಾನು ಮರೆತಿಲ್ಲ.

ನಾಳದ ಗೋಡೆಗೆ ಮೂರು ಪದರ: ಟ್ಯುನಿಕಾ ಇಂಟಿಮಾ, ಮೀಡಿಯಾ, ಅಡ್ವೆಂಟಿಶಿಯಾ. ಟ್ಯುನಿಕಾ ಅಂದ್ರೆ ಅಂಗಿ. ತೀರಾ ಒಳಗಿನ ಅಂಗಿ, ಮಧ್ಯದ ಅಂಗಿ, ಹೊರಗಿನಿಂದ ಬಂದು ಸೇರಿದ ಅಂಗಿ. ಚಳಿಗೆ ಬನಿಯನ್, ಅಂಗಿ, ಸ್ವೆಟರ್ ಹಾಕಿದ ಹಾಗೆ. ದೊಡ್ಡ ನಾಳಗಳ ಗೋಡೆಗೂ ಊಟ ಬೇಕಲ್ಲ, ಅದಕ್ಕೆ ರಕ್ತ ತರುವ ಸಣ್ಣ ನಾಳಗಳಿಗೆ ವಾಸಾ ವಾಸೋರಮ್ ಅಂತ ಹೆಸರು, ಪಾತ್ರೆಗಳ ಪಾತ್ರೆಗಳು. ಷಷ್ಠಿ ವಿಭಕ್ತಿ ಬಹುವಚನ ಅಂತ ಪಕ್ಕದಲ್ಲಿ ಬರೆದಿಟ್ಟೆ.

ಕ್ಯಾಪಿಲರಿಗೆ ನಮ್ಮ ವಿಜ್ಞಾನ ಪುಸ್ತಕದಲ್ಲಿ ಲೋಮನಾಳ ಅಂತಿತ್ತು. ಆಗ ಯಾಕೆ ಅಂತ ಯೋಚಿಸಿರಲಿಲ್ಲ. ಕ್ಯಾಪಿಲಸ್ ಅಂದ್ರೆ ಕೂದಲು, ಲೋಮ ಅಂದ್ರೂ ಕೂದಲು! ನಿಜ ಹೇಳಬೇಕೆಂದರೆ ಕೂದಲು ಅವಕ್ಕಿಂತ ಎಷ್ಟೋ ದಪ್ಪ. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತ ದೇಹದಲ್ಲಿ ಸುತ್ತುತ್ತದೆ ಅಂತ ಬರೆದಾಗ ಈ ನಾಳಗಳು ಅವರ ಕಣ್ಣಿಗೆ ಕಂಡಿರಲಿಲ್ಲ, 1661ರಲ್ಲಿ ಇಟಲಿಯ ವೈದ್ಯ ಮಾಲ್ಪೀಗಿ ಸೂಕ್ಷ್ಮದರ್ಶಕ ಇಟ್ಟು ಕಪ್ಪೆಯ ಶ್ವಾಸಕೋಶದಲ್ಲಿ ನೋಡಿದರು.

ತುಂಡು ನಂಬಿ ದಾರಿ ತಪ್ಪುವ ಜಾಗಗಳೂ ಇವೆ, ಅವಕ್ಕೆ ನೋಟ್‌ಬುಕ್ಕಿನ ಹಿಂದಿನಿಂದ ಬೇರೆ ಪೇಜು. ವಾಸೆಕ್ಟಮಿಯಲ್ಲಿ ವಾಸ್ ಇದೆ, ಆದರೆ ಅದು ರಕ್ತನಾಳವಲ್ಲ, ವೀರ್ಯನಾಳ. ಆರ್ಟರಿಯ ಮೂಲ ಆರ್ಟೀರಿಯಾ, ಗ್ರೀಕಿನಿಂದ ಲ್ಯಾಟಿನ್ನಿಗೆ ಬಂದದ್ದು, ಅದು ಮೊದಲು ಗಾಳಿ ಕೊಳವೆಯ ಹೆಸರು. ಸತ್ತ ದೇಹದಲ್ಲಿ ಆರ್ಟರಿಗಳು ಹೆಚ್ಚುಕಡಿಮೆ ಖಾಲಿ ಕಾಣುತ್ತವೆ, ಅದಕ್ಕೇ ಅದರಲ್ಲಿ ಗಾಳಿ ಓಡುತ್ತದೆ ಅಂದುಕೊಂಡಿದ್ದರು. ರಕ್ತವೇ ಇದೆ ಅಂತ ಪ್ರಾಚೀನ ಗ್ರೀಕ್ ವೈದ್ಯ ಗೇಲನ್ ತೋರಿಸಿದ ಮೇಲೂ ಹೆಸರು ಉಳಿಯಿತು. ಇಲ್ಲಿ ನಮ್ಮ ಪುಸ್ತಕದ ಪದಗಳೇ ವಾಸಿ: ಆರ್ಟರಿಗೆ ಅಪಧಮನಿ, ವೇನಿಗೆ ಅಭಿಧಮನಿ. ಅಪಧಮನಿಯ ಅಪ ಅಂದ್ರೆ ದೂರಕ್ಕೆ, ಅಭಿಧಮನಿಯ ಅಭಿ ಅಂದ್ರೆ ಕಡೆಗೆ. ಹೃದಯದಿಂದ ದೂರಕ್ಕೆ, ಹೃದಯದ ಕಡೆಗೆ. ಶುದ್ಧ ರಕ್ತ ಇದ್ದರೆ ಆರ್ಟರಿ ಅಂತ ಕಲಿತವರು ಶ್ವಾಸಕೋಶಕ್ಕೆ ಅಶುದ್ಧ ರಕ್ತ ಒಯ್ಯುವ ಪಲ್ಮನರಿ ಆರ್ಟರಿ ಬಂದಾಗ ಎಡವುತ್ತಾರೆ, ಅಪ, ಅಭಿ ಹಿಡಿದುಕೊಂಡವರು ಎಡವುವುದಿಲ್ಲ. ವೈವಾದಲ್ಲಿ ನಾನು ಇದನ್ನೇ ಹೇಳಿದೆ, ಮೇಡಂ ಇನ್ನೊಮ್ಮೆ ಹೇಳಿಸಿ ಕೇಳಿದರು.

ಹಿಂದಿನ ಪೇಜಿನಲ್ಲಿ ದೊಡ್ಡದಾಗಿ ಬರೆದಿರುವ ಪದ ಕನ್ನಡದ್ದೇ: ನರ. ಪೇಶೆಂಟ್ ಕಡೆಯವರು "ನರ ಸಿಗ್ತಿಲ್ವಾ ಸಿಸ್ಟರ್?" ಅಂತ ಕೇಳುವುದು ವೇನ್ ಬಗ್ಗೆ. "ಕಾಲಲ್ಲಿ ನರ ಉಬ್ಬಿದೆ" ಅಂದ್ರೆ ವೆರಿಕೋಸ್ ವೇನ್. ಪುಸ್ತಕದ ನರ ಬೇರೆ, ಅದು ನರ್ವ್. ಲ್ಯಾಟಿನ್ನಿನಲ್ಲೂ ನರ್ವಸ್ ಮೊದಲು ಸ್ನಾಯುರಜ್ಜುವಿನ ಹೆಸರಾಗಿತ್ತು, ಆಮೇಲೆ ನರಕ್ಕೆ ಬಂತು. ಚರ್ಮದ ಕೆಳಗೆ ಹಗ್ಗದ ಹಾಗೆ ಕಂಡದ್ದಕ್ಕೆಲ್ಲ ಜನ ಒಂದೇ ಹೆಸರಿಡುವುದು ನಮ್ಮೂರಲ್ಲಿ ಮಾತ್ರ ಅಲ್ಲ. ನಾನು ಮನೆಯವರ ಜೊತೆ ನರ ಅಂತಲೇ ಮಾತಾಡುತ್ತೇನೆ. ಚಾರ್ಟಿನಲ್ಲಿ ಬರೆಯುವಾಗ ಮಾತ್ರ ಎಚ್ಚರ.

ಈಗ ನನ್ನ ಕೈಕೆಳಗೆ ಸ್ಟೂಡೆಂಟ್ಸ್ ಬರುತ್ತಾರೆ. ಪದದ ಅರ್ಥ ಕೇಳಿದರೆ ನಾನು ಹೇಳುವುದಿಲ್ಲ, ಚೀಟಿ ಪೆನ್ನು ಕೊಡುತ್ತೇನೆ. ಹೋದ ತಿಂಗಳು ಸೂಜಿ ನೋಡಿ ಒಬ್ಬರು ತಲೆಸುತ್ತಿ ಬಿದ್ದಾಗ ಡಾಕ್ಟರ್ ವಾಸೋವೇಗಲ್ ಅಂದರು. ಕನ್ನಡ ಮೀಡಿಯಂನ ಒಬ್ಬ ಹುಡುಗಿ ವಾಸೊ ತನಕ ಬಿಡಿಸಿ ನಿಂತಳು. ವೇಗಸ್ ಅಂದ್ರೆ ಅಲೆಮಾರಿ, ತಲೆಯಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆಯವರೆಗೆ ಅಲೆಯುವ ನರ ಅಂತ ಅಷ್ಟು ಮಾತ್ರ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಅಲೆಮಾರಿ ನರದಿಂದ ಹೃದಯ ನಿಧಾನ ಆಯ್ತು, ಪಾತ್ರೆಗಳು ಸಡಿಲ ಆದ್ವು, ಬಿಪಿ ಬಿತ್ತು. ಕಾಲು ಎತ್ತಿ ಮಲಗಿಸಬೇಕು ಅಲ್ವಾ ಸಿಸ್ಟರ್?" ಅಂದಳು. ಹೌದು ಅಂದೆ, ಇಬ್ಬರೂ ಸೇರಿ ಮಲಗಿಸಿದೆವು.