ಗಡಸು ನೀರಿನಲ್ಲಿ ನಿಯಾನ್ ಟೆಟ್ರಾ ಉಳಿಸಿಕೊಂಡ ಬಗೆ: ನನ್ನ ಅನುಭವ

ಕೋಲಾರದ ನಮ್ಮ ಮನೆಯಲ್ಲಿ ಸುಮಾರು 400 ಲೀಟರ್ ನೀರಿನ, ಗಿಡಗಳಿರುವ ಅಕ್ವೇರಿಯಂ ಇದೆ. ಅದರಲ್ಲಿ ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳು ಬಣ್ಣ ಮಾಸಿ, ಮೂಲೆ ಸೇರಿ, ಒಂದೊಂದಾಗಿ ಸಾಯುತ್ತಿದ್ದವು. ಕೊಳವೆಬಾವಿ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಹೆಚ್ಚಿದ್ದರೆ ಕ್ಷಾರೀಯ) 8.2, ಒಟ್ಟು ಗಡಸುತನ (ಕರಗಿದ ಕ್ಯಾಲ್ಸಿಯಂ, ಮೆಗ್ನೀಷಿಯಂ ಪ್ರಮಾಣ) 18 ಡಿಗ್ರಿ, ಕಾರ್ಬೊನೇಟ್ ಗಡಸುತನ (ಆಮ್ಲವನ್ನು ತಡೆಯುವ ಕಾರ್ಬೊನೇಟ್‌ಗಳ ಪ್ರಮಾಣ) 14 ಡಿಗ್ರಿ ಇತ್ತು. ಈ ಮೀನುಗಳ ತವರಾದ ಅಮೆಜಾನ್ ಜಲಾನಯನದ ತೊರೆಗಳ ನೀರಾದರೋ ಮೃದು ಮತ್ತು ಆಮ್ಲೀಯ.

ಪಿಎಚ್ ಇಳಿಸುವ ದ್ರಾವಣ ಹಾಕಿದರೆ ಮರುದಿನವೇ ಅಂಕಿ ಮೇಲೇರುತ್ತಿತ್ತು, ಏಕೆಂದರೆ ನೀರಿನ ಕಾರ್ಬೊನೇಟ್ ಆ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಕಾಡುಬಾದಾಮಿಯ ಒಣ ಎಲೆ ನೀರಿಗೆ ಬಣ್ಣ ಕೊಟ್ಟಿತೇ ಹೊರತು ಗಡಸುತನವನ್ನು ತಗ್ಗಿಸಲಿಲ್ಲ.

ಕೊನೆಗೆ ಫಲ ಕೊಟ್ಟದ್ದು ಸೂಕ್ಷ್ಮ ಪೊರೆಯಲ್ಲಿ ಸೋಸಿ ಲವಣ ತೆಗೆದ ಆರ್‌ಒ ನೀರು, ಅದೂ ನಿಧಾನವಾಗಿ ಬೆರೆಸಿದಾಗ. ಮೊದಲು, ವಿನೆಗರ್ ಹನಿಸಿದರೆ ನೊರೆಬಿಡುವ ಬಿಳಿ ಕಲ್ಲುಗಳನ್ನೆಲ್ಲ ತೆಗೆದೆ. ಅವುಗಳಲ್ಲಿನ ಸುಣ್ಣ ನೀರಿಗೆ ಕರಗುವುದರಿಂದ, ಅವು ಇದ್ದಷ್ಟು ಕಾಲ ಗಡಸುತನ ಮತ್ತೆ ಏರುತ್ತದೆ. ಬಳಿಕ ಮೂರು ದಿನಕ್ಕೊಮ್ಮೆ 40 ಲೀಟರ್ ನೀರು ಹೊರತೆಗೆದು, ಅದೇ ತಾಪಮಾನದ ಅಷ್ಟೇ ಆರ್‌ಒ ನೀರನ್ನು ಸಣ್ಣ ಕೊಳವೆಯಿಂದ ಎರಡು ಗಂಟೆ ಹರಿಸಿ ತುಂಬಿದೆ. ಹೀಗೆ 13 ಬಾರಿ ಮಾಡಿದ ಮೇಲೆ ಒಟ್ಟು ಗಡಸುತನ 4.5ಕ್ಕೂ ಕಾರ್ಬೊನೇಟ್ ಗಡಸುತನ 3.5ಕ್ಕೂ ಇಳಿಯಿತು. ಒಂದೇ ದಿನದಲ್ಲಿ ಬದಲಿಸಿದರೆ ಮೀನಿನ ದೇಹದ ಲವಣ ಸಮತೋಲನ ಕೆಡುತ್ತದೆ. ಈಗ ವಾರಕ್ಕೊಮ್ಮೆ 60 ಲೀಟರ್ ಆರ್‌ಒ ನೀರಿಗೆ 20 ಲೀಟರ್ ಕೊಳವೆಬಾವಿ ನೀರು ಸೇರಿಸಿ ಬದಲಿಸುತ್ತೇನೆ. ಬರಿಯ ಆರ್‌ಒ ನೀರಿನಲ್ಲಿ ಗಿಡಗಳಿಗೆ ಕ್ಯಾಲ್ಸಿಯಂ ಸಿಗುವುದಿಲ್ಲ.

ಗಿಡಗಳನ್ನು ಹಿಂಬದಿಗೂ ಪಕ್ಕಗಳಿಗೂ ಸರಿಸಿ, ಗುಂಪು ಈಜಲು ಮುಂಭಾಗವನ್ನು ಬಯಲಾಗಿ ಬಿಟ್ಟೆ. ನೆರಳಿಗೆ ತೇಲುವ ಸಾಲ್ವೀನಿಯಾ ಗಿಡ ಹಾಕಿ, ದೀಪ ಉರಿಯುವ ಅವಧಿಯನ್ನು ದಿನಕ್ಕೆ 7 ಗಂಟೆಗೆ ಇಳಿಸಿದೆ.