ಕಾರು ಓಡಿಸಲು ಬರದವರು ಮಗನ ಮನೆಯಲ್ಲಿ ಆರು ತಿಂಗಳು ಕಳೆಯುವುದು ಹೇಗೆ

ತೀರ್ಥಹಳ್ಳಿ ಕಡೆಯಿಂದ ಮಕ್ಕಳ ಮನೆಗೆ ಅಮೆರಿಕಕ್ಕೆ ಹೊರಟವರು ನನ್ನನ್ನು ಮೊದಲು ಕೇಳುವುದು, "ಅಕ್ಕಾ, ಏನೇನು ತಗೊಂಡು ಹೋಗಬೇಕು?" ಅಂತ. ಅದೇನು ದೊಡ್ಡ ವಿಷಯ ಅಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಾರಿನ ಪುಡಿ ಗಟ್ಟಿಯಾಗಿ ಕಟ್ಟಿಕೊಳ್ಳಿ. ಕಸ್ಟಮ್ಸ್‌ನವರು ಕೇಳಿದರೆ ತಿನ್ನುವ ಸಾಮಾನು ಇದೆ ಅಂತ ಬಾಯಿಬಿಟ್ಟು ಹೇಳಿ. ವೀಳ್ಯದೆಲೆ, ಹಸಿ ಕರಿಬೇವು, ಹಣ್ಣು, ಬೀಜ ಬೇಡವೇ ಬೇಡ. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲಿ. ಇನ್ಶೂರೆನ್ಸ್ ಇಲ್ಲಿಂದಲೇ ಮಾಡಿಸಿ. ಮೊದಲೇ ಇರುವ ಬಿಪಿ, ಶುಗರ್‌ಗೆ ಅದು ಎಷ್ಟು ಕೊಡುತ್ತದೆ ಅಂತ ಓದಿಯೇ ಸಹಿ ಹಾಕಿ.

ಕಷ್ಟ ಶುರುವಾಗುವುದು ಸೋಮವಾರ ಬೆಳಿಗ್ಗೆ. ಮಗ, ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಮನೆ ಖಾಲಿ. ಹೊರಗೆ ಆಟೋ ಇಲ್ಲ, ತರಕಾರಿ ಗಾಡಿ ಇಲ್ಲ, "ಏನಮ್ಮಾ, ಕಾಫಿ ಆಯ್ತಾ?" ಅಂತ ಕೇಳುವವರಿಲ್ಲ. ತೋಟದ ನಡುವಿನ ಒಂಟಿ ಮನೆಯಲ್ಲಿ ಬೆಳೆದ ನನಗೆ ಮೌನ ಹೊಸದಲ್ಲ. ಆದರೆ ನಮ್ಮ ಒಂಟಿ ಮನೆಗೆ ಹೇಳದೆ ಕೇಳದೆ ಯಾರಾದರೂ ಬರುತ್ತಾರೆ. ಅಲ್ಲಿ ಬರುವುದಿಲ್ಲ, ನೀವೂ ಹಾಗೆ ಹೋಗಬಾರದು. ಹಾಗಾಗಿ ಮೊದಲ ವಾರವೇ ನಡೆದು ಹೋಗುವಷ್ಟು ದೂರದಲ್ಲಿ ಏನೇನಿದೆ ಅಂತ ಗುರುತು ಮಾಡಿಕೊಳ್ಳಿ. ಮಗನ ಕಾರನ್ನು ಶನಿವಾರ, ಭಾನುವಾರಕ್ಕೆ ಬಿಡಿ.

ನಮ್ಮ ಮಗ ಇರುವುದು ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ. ಬಾಸ್ಟನ್ ಹತ್ತಿರದ ಸಣ್ಣ ಊರು, ಜನ ಸುಮಾರು 34 ಸಾವಿರ. ಹತ್ತು ಲಕ್ಷ ಡಾಲರಿಗೆ ಒಂದು ಮನೆ ಸಿಗುವುದೂ ಕಷ್ಟ. ಅಷ್ಟು ಸುರಿದು ಅಲ್ಲಿಗೇ ಯಾಕೆ ಬರುತ್ತಾರೆ ಅಂದರೆ ಸರ್ಕಾರಿ ಶಾಲೆಗೆ! ಶಾಲೆ ನಡೆಯುವುದು ಹೆಚ್ಚಾಗಿ ಊರಿನವರು ಕಟ್ಟುವ ಮನೆ ಕಂದಾಯದಿಂದ. ಆದರೆ ದುಡ್ಡು ಯಾರ ಮೈಮೇಲೂ ಕಾಣುವುದಿಲ್ಲ. ಮಾಸಿದ ಟೋಪಿ ಹಾಕಿಕೊಂಡು ನಾಯಿ ಹಿಡಿದು ಬರುವ ಅಜ್ಜ ಯಾವುದೋ ದೊಡ್ಡ ಪ್ರೊಫೆಸರ್ ಆಗಿರುತ್ತಾರೆ. ರೇಷ್ಮೆ ಸೀರೆ ತುಂಬಿಕೊಂಡು ಹೋಗಬೇಡಿ. ಆ ಜಾಗದಲ್ಲಿ ಒಳ್ಳೆಯ ಶೂ, ಒಂದು ಸ್ವೆಟರ್ ಇಡಿ.

ದುಡ್ಡು ಕಾಣುವುದು ಲೈಬ್ರರಿಯಲ್ಲಿ. ಊರ ನಡುವೆ ಕೇರಿ (Cary) ಅನ್ನುವ ಹೆಸರಿನ ಲೈಬ್ರರಿ ಇದೆ, ಅಲ್ಲಿಗೆ ಹೋಗಿ ಎಷ್ಟು ಹೊತ್ತು ಕೂತರೂ ಯಾಕೆ ಅಂತ ಯಾರೂ ಕೇಳಲ್ಲ. ಪುಸ್ತಕ ಬೇಕಾದರೆ ಸೊಸೆಯ ಕಾರ್ಡಿನಲ್ಲಿ ತರಿಸಿಕೊಳ್ಳಿ. ಇನ್ನೊಂದು, ಮಿನಿಟ್‌ಮ್ಯಾನ್ ದಾರಿ. ಹಳೆಯ ರೈಲು ಹಳಿ ಕಿತ್ತು ಮಾಡಿದ ಹತ್ತು ಮೈಲಿಯ ಸೈಕಲ್ ದಾರಿ ಅದು. ನಡೆಯುವವರೂ ಹೋಗಬಹುದು, ಬಲಗಡೆ ಹೋಗಬೇಕು ಅಷ್ಟೆ. ನಮ್ಮವರು ಮಧ್ಯದಲ್ಲಿ ನಿಂತು ಮಾತಿಗಿಳಿಯುತ್ತಾರೆ, ಹಿಂದಿನಿಂದ ಸೈಕಲ್ ಬೆಲ್ ಕೇಳಿದಾಗ ಮಾತ್ರ ಜ್ಞಾನೋದಯ! ಎದುರಿಗೆ ಬಂದವರು ನಕ್ಕು "ಹಾಯ್" ಅಂದರೆ ನೀವೂ "ಹಾಯ್" ಅನ್ನಿ. ಅಲ್ಲೇ ನಿಂತು ಯಾವ ಊರು, ಎಷ್ಟು ಮಕ್ಕಳು ಅಂತ ಕೇಳಬೇಡಿ.

ಮನೆಗಳಿಗೆ ಕಾಂಪೌಂಡ್, ಗೇಟು ಇರುವುದು ಅಪರೂಪ. ಹಾಗಂತ ಪೂಜೆಗೆ ಪಕ್ಕದ ಮನೆಯ ಹೂ ಕೊಯ್ಯಬೇಡಿ. ಮಗನ ಅಂಗಳದಲ್ಲಿ ಇರುವಷ್ಟರಲ್ಲೇ ದೇವರು ತೃಪ್ತನಾಗಲಿ.

ಹಿತ್ತಿಲ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಲಿಗೆ ಜಿಂಕೆ ಬರುತ್ತದೆ, ಮೊಮ್ಮಕ್ಕಳು ಫೋಟೋ ತೆಗೆಯುತ್ತಾರೆ. ಜಿಂಕೆ ಇದ್ದಲ್ಲಿ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಇರುತ್ತದೆ. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯ ಜಿಲ್ಲೆಯವರಿಗೆ ಉಣುಗು ಏನು ಅಂತ ಹೇಳಿಕೊಡಬೇಕಾ? 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಆ ಕಾಯಿಲೆ ಪತ್ತೆಯಾಗಿದ್ದು. ಲೆಕ್ಸಿಂಗ್ಟನ್‌ನ ಉಣುಗು ತರುವುದು ಲೈಮ್ ಕಾಯಿಲೆ. ಅದು ಮಂಗನ ಕಾಯಿಲೆಯ ಹಾಗೆ ವೈರಸ್‌ನಿಂದಲ್ಲ, ಬ್ಯಾಕ್ಟೀರಿಯಾದಿಂದ ಬರುವುದು. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಮೇ, ಜೂನ್, ಜುಲೈನಲ್ಲಿ ಜಾಸ್ತಿ. ಎಲೆ ಗುಡಿಸಲು, ಗಿಡ ನೆಡಲು ಇಳಿಯುವಾಗ ತಿಳಿ ಬಣ್ಣದ ಪ್ಯಾಂಟ್ ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಒಳಗೆ ಬಂದ ಕೂಡಲೇ ಸ್ನಾನ. ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ತಡವಿ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಸಾಮಾನ್ಯವಾಗಿ 24 ಗಂಟೆಗಿಂತ ಜಾಸ್ತಿ ಕಚ್ಚಿಕೊಂಡಿದ್ದರೇ ಕಾಯಿಲೆ ದಾಟುವುದು, ಅದಕ್ಕೇ ದಿನಾ ನೋಡಿ ಅನ್ನುವುದು. ಕೆಂಪು ಕಲೆ ಅಗಲವಾಗುತ್ತಾ ಹೋದರೆ, ಜ್ವರ ಬಂದರೆ ಆವತ್ತೇ ಮಗನಿಗೆ ಹೇಳಿ. "ಅವನಿಗೆ ಯಾಕೆ ಸುಮ್ನೆ ತೊಂದರೆ" ಅಂತ ಮುಚ್ಚಿಟ್ಟುಕೊಳ್ಳಬೇಡಿ.

ಅಡುಗೆಮನೆಯಲ್ಲಿ ಒಗ್ಗರಣೆಯೇ ಸಮಸ್ಯೆ. ಮರದ ಮನೆ, ಸೂರಿನಲ್ಲಿ ಹೊಗೆಯ ಅಲಾರಂ. ಒಣಮೆಣಸು ಸ್ವಲ್ಪ ಕರಟಿದರೂ ಕಿವಿ ಹರಿಯುವ ಹಾಗೆ ಕೂಗುತ್ತದೆ. ಎಣ್ಣೆ ಕಾಯುವ ಮೊದಲೇ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಸಾಸಿವೆ ಚಟಪಟ ಅಂದ ಕೂಡಲೇ ಒಲೆ ಆರಿಸಿ ಮೆಣಸು ಹಾಕಿ, ಆ ಬಿಸಿಯೇ ಸಾಕು. ಕೂಗಿದರೆ ಗಾಬರಿ ಬೇಡ, ಟವೆಲ್ ಬೀಸಿ. ಅಲಾರಂನ ಬ್ಯಾಟರಿ ಮಾತ್ರ ಕಿತ್ತಿಡಬೇಡಿ.

ಯಾವಾಗ ಹೋಗಬೇಕು? ಮೊದಲ ಸಲ ಆದರೆ ಏಪ್ರಿಲ್ ಮಧ್ಯದಲ್ಲಿ ಹೋಗಿ ಅಕ್ಟೋಬರ್‌ನಲ್ಲಿ ಬನ್ನಿ. 1775ರ ಏಪ್ರಿಲ್ 19ರಂದು ಬ್ರಿಟಿಷರ ಜೊತೆಗಿನ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಗಿದ್ದು ಈ ಊರಿನಲ್ಲೇ. ಏಪ್ರಿಲ್‌ನ ಮೂರನೇ ಸೋಮವಾರ ಬೆಳಗಿನ ಜಾವ ಅದನ್ನು ಊರಿನ ಮೈದಾನದಲ್ಲಿ ಆಡಿ ತೋರಿಸುತ್ತಾರೆ, ಕೋವಿ ಸದ್ದಿನ ಸಮೇತ. ಚಳಿಯಲ್ಲಿ ನಿಲ್ಲಬೇಕು ನಿಜ. ರಾತ್ರಿಯಿಡೀ ಕೂತು ಯಕ್ಷಗಾನ ನೋಡಿದವರಿಗೆ ಅದೇನು ಮಹಾ. ಡಿಸೆಂಬರ್ ಮಾತ್ರ ಬೇಡ, ಸಂಜೆ ನಾಲ್ಕೂಕಾಲಿಗೇ ಕತ್ತಲು.

ಫೋನಿನ ಲೆಕ್ಕವೂ ತಿಳಿದಿರಲಿ. ಬೇಸಿಗೆಯಲ್ಲಿ ನಾವು ಅವರಿಗಿಂತ ಒಂಬತ್ತೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಎಂಟು ಅಂದರೆ ಇಲ್ಲಿ ಬೆಳಿಗ್ಗೆ ಐದೂವರೆ, ನನ್ನ ತಂಗಿ ಕೊಟ್ಟಿಗೆಯಲ್ಲಿರುತ್ತಾಳೆ. ಅವಳ ಜೊತೆ ನೆಮ್ಮದಿಯಾಗಿ ಮಾತಾಡಲು ನಾನು ಅಲ್ಲಿನ ಬೆಳಿಗ್ಗೆ ಒಂಬತ್ತನ್ನೇ ಇಟ್ಟುಕೊಂಡೆ. ಆಗ ಇಲ್ಲಿ ಸಂಜೆ ಆರೂವರೆ, ಶಿವಮೊಗ್ಗ ಮಂಡಿಯ ಅಡಿಕೆ ರೇಟೂ ಗೊತ್ತಾಗಿರುತ್ತದೆ. ನಮ್ಮ ಯಜಮಾನರು ಅದನ್ನು ಕೇಳಿದ ಮೇಲೇ ತಿಂಡಿಗೆ ಏಳುತ್ತಿದ್ದುದು.